ಕಾಯಿ ಅಲ್ಲಾಡಿಸದೆ ದುಡ್ಡು ಕೊಡೋರುಂಟಾ? ಬ್ಯಾನ್ ಆದಮೇಲೂ ವಿಡಿಯೋ ಗೇಮ್‌ಗೆ ಸೋರುತ್ತಿರುವ ಹಣದ ಲೆಕ್ಕ

"ಸರ್ಕಾರ ಆನ್‌ಲೈನ್ ಗೇಮ್ ಬ್ಯಾನ್ ಮಾಡ್ತು ಅಂತ ಟಿವೀಲಿ ಬಂತಲ್ಲಪ್ಪ. ಮತ್ತೆ ನಮ್ಮ ದುಡ್ಡು ಹೆಂಗೋಯ್ತು?"

2025ರ ದೀಪಾವಳಿ ಮುಗಿದ ವಾರ ತುರುವೇಕೆರೆ ತಾಲ್ಲೂಕಿನ ನಮ್ಮೂರಿಂದ ದೊಡ್ಡಪ್ಪ ಫೋನ್ ಮಾಡಿ ಕೇಳಿದ ಮಾತಿದು. ತಿಪಟೂರು ಮಾರುಕಟ್ಟೆಗೆ ಕೊಬ್ಬರಿ ಹಾಕಿ ಬಂದ ದುಡ್ಡು ಅವರ ಬ್ಯಾಂಕ್ ಖಾತೆಯಲ್ಲಿತ್ತು. ಖಾತೆಗೆ ಜೋಡಿಸಿದ ಯುಪಿಐ ಮೊಬೈಲ್‌ನಲ್ಲಿತ್ತು. ಮೊಬೈಲ್ ಮಾತ್ರ ಹೆಚ್ಚು ಹೊತ್ತು ಪಿಯುಸಿ ಓದುವ ಮೊಮ್ಮಗನ ಕೈಯಲ್ಲಿರುತ್ತಿತ್ತು. ಪಾಸ್‌ಬುಕ್ ಎಂಟ್ರಿ ಹಾಕಿಸಲು ಹೋದಾಗ ಗೊತ್ತಾಗಿದ್ದು: ಎರಡು ತಿಂಗಳಲ್ಲಿ 19 ಸಲ ಹಣ ಹೋಗಿದೆ. ಅತಿ ಸಣ್ಣದು 29 ರೂಪಾಯಿ, ದೊಡ್ಡದು 1,599 ರೂಪಾಯಿ. ಒಟ್ಟು 14,300.

ಆ ಮೊತ್ತ ಎಷ್ಟು ದೊಡ್ಡದು ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಿಲ್ಲ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ 2025ಕ್ಕೆ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ಆ ವರ್ಷ ತಿಪಟೂರಿನಲ್ಲಿ ದರ 20 ಸಾವಿರ ದಾಟಿತು, ನಿಜ. ಆದರೆ ಎರಡೇ ವರ್ಷ ಹಿಂದೆ, 2023ರಲ್ಲಿ, ಬೆಂಬಲ ಬೆಲೆ 11,750 ಇದ್ದಾಗಲೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಕೇಳುವವರಿದ್ದರು. ರೈತರು ಬೀದಿಗಿಳಿದಿದ್ದರು. ದರ ಏರಿದ ವರ್ಷ ಕೂಡಿಟ್ಟರೆ ಮಾತ್ರ ದರ ಬಿದ್ದ ವರ್ಷ ಉಸಿರಾಡಬಹುದು. ಹಾಗೆ ಕೂಡಿಡಬೇಕಿದ್ದ ದುಡ್ಡು ಒಂದು ಗೇಮ್‌ನಲ್ಲಿ ಬಂದೂಕಿನ ಬಣ್ಣ ಬದಲಿಸಲು ಹೋಗಿತ್ತು.

ದೊಡ್ಡಪ್ಪನ ಪ್ರಶ್ನೆ ಸರಿಯಾಗಿಯೇ ಇತ್ತು. ಬ್ಯಾನ್ ಆಗಿದ್ದು ಹೌದಾದರೆ ದುಡ್ಡು ಹೋಗಿದ್ದು ಹೇಗೆ?

ಬ್ಯಾನ್ ಆಗಿದ್ದು ಯಾವುದು?

ಕರ್ನಾಟಕ ಈ ಆಟವನ್ನು ಮೊದಲೇ ಒಂದು ಸುತ್ತು ಆಡಿದೆ. 2021ರಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಕೌಶಲದ ಆಟವನ್ನೂ ಅದೃಷ್ಟದ ಜೂಜನ್ನೂ ಒಂದೇ ಗೂಟಕ್ಕೆ ಕಟ್ಟುವಂತಿಲ್ಲ ಅನ್ನೋದು ಆ ತೀರ್ಪಿನ ಸಾರ. ಆಮೇಲೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಗೇಮಿಂಗ್ ಮಸೂದೆ ತಂದಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿ ಅಂಕಿತ. ದೇಶದ ಕೋಟ್ಯಂತರ ಜನರ ಮೊಬೈಲ್‌ನಲ್ಲಿ ಏನಿರಬೇಕು, ಏನಿರಬಾರದು ಅನ್ನೋದು ಮೂರು ದಿನದಲ್ಲಿ ತೀರ್ಮಾನವಾಯಿತು. ಹಣ ಕಟ್ಟಿ ಆಡುವ ಆಟಗಳಲ್ಲಿ ವರ್ಷಕ್ಕೆ 45 ಕೋಟಿ ಜನ ಸುಮಾರು 20 ಸಾವಿರ ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ಸರ್ಕಾರ ಕೊಟ್ಟ ಲೆಕ್ಕ. ಡ್ರೀಮ್11ನಂಥ ದೊಡ್ಡ ಕಂಪನಿಗಳು ಆ ವಾರವೇ ದುಡ್ಡಿನ ಸ್ಪರ್ಧೆಗಳನ್ನು ನಿಲ್ಲಿಸಿದವು.

ಈ ಕಾಯ್ದೆ ಕೌಶಲವೋ ಅದೃಷ್ಟವೋ ಅಂತ ಕೇಳುವುದಿಲ್ಲ. ದುಡ್ಡು ಕಟ್ಟಿ, ಗೆದ್ದು ಲಾಭ ಪಡೆಯುವ ಆಸೆಯಿಂದ ಆಡುವುದೆಲ್ಲ 'ಆನ್‌ಲೈನ್ ಮನಿ ಗೇಮ್'. ಅದನ್ನು ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ.

ಗೆಲ್ಲುವ ಆಸೆಯೇ ಇಲ್ಲದೆ ಬರೀ ಕಳೆದುಕೊಳ್ಳುವ ಆಟ ಇದ್ದರೆ? ಅದು ಈ ವ್ಯಾಖ್ಯೆಯ ಆಚೆ ಜಾರಿಕೊಳ್ಳುತ್ತೆ. ನಮ್ಮ ಹುಡುಗ ಕಟ್ಟಿದ 14,300ರಲ್ಲಿ ಒಂದು ರೂಪಾಯಿಯೂ ವಾಪಸ್ ಬರುವ ಮಾತೇ ಇರಲಿಲ್ಲ. ಅವನು ಕೊಂಡಿದ್ದು ಕಾಯಿನ್, ಕಾಯಿನ್‌ನಿಂದ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಏನು ಬರುತ್ತೋ ಅದು. ರಮ್ಮಿಯಲ್ಲಿ ಒಂದು ಸಲವಾದರೂ ಗೆಲ್ಲಬಹುದಿತ್ತು ಅಂತ ಹೇಳಿದರೆ ತಮಾಷೆಯಂತೆ ಕೇಳುತ್ತೆ. ಆದರೆ ಲೂಟ್ ಬಾಕ್ಸ್ ಅನ್ನೋ ಇಂಥ ಅದೃಷ್ಟದ ಪೆಟ್ಟಿಗೆಗಳ ಬಗ್ಗೆ ನಮ್ಮ ಕಾಯ್ದೆ ಹೆಸರೆತ್ತಿ ಏನನ್ನೂ ಹೇಳುವುದಿಲ್ಲ.

ಹೀಗಾಗಿ ಬ್ಯಾನ್, ರದ್ದು, ಮತ್ತೆ ಬ್ಯಾನ್ ಅನ್ನೋ ಜಗ್ಗಾಟದ ನಡುವೆ ಒಬ್ಬನನ್ನು ಎಲ್ಲರೂ ಮರೆತರು: ಜೂಜುಕೋರನಲ್ಲದ, ಬರೀ ಆಟ ಆಡಲು ದುಡ್ಡು ಕೊಡುವ ಸಾಮಾನ್ಯ ಗ್ರಾಹಕ. ಅವನಿಗೆ ಬೇಕಿರೋದು ನಿಷೇಧ ಅಲ್ಲ. ಕೊಳ್ಳುವ ಮೊದಲು ಪರೀಕ್ಷಿಸುವ ಹಕ್ಕು, ಕೆಟ್ಟ ಮಾಲು ಬಂದರೆ ವಾಪಸ್ ಕೊಡುವ ಹಕ್ಕು.

ಕೌಟು ಮಾಲಿನಲ್ಲಿ ಎರಡು ಬಗೆ

ನಮ್ಮ ಕಡೆ ಉಂಡೆ ಕೊಬ್ಬರಿ ಆಗೋದು ಹೇಗೆ ಅಂತ ಬೆಂಗಳೂರಿನ ಗೆಳೆಯರಿಗೆ ಗೊತ್ತಿರಲಿಕ್ಕಿಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಒಂಬತ್ತು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ ಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟಮೇಲೆ ಕಾಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಸದ್ದು ಬರುತ್ತೆ. ಸದ್ದಿಲ್ಲದಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ. ಅವಸರಪಟ್ಟು ಒಡೆದರೆ ಮಾಲು ಕೆಡುತ್ತೆ. ಮಾರುಕಟ್ಟೆಯಲ್ಲೂ ಅಷ್ಟೇ. ಕೊಳ್ಳುವವನು ರಾಶಿಗೆ ಕೈ ಹಾಕಿ, ಗಾತ್ರ ಬಣ್ಣ ನೋಡಿ, ಮೂಸಿ, ಬೇಕಾದರೆ ಒಡೆದು ನೋಡಿ ದರ ಹೇಳುತ್ತಾನೆ. ಕೌಟು ವಾಸನೆ ಬಂದರೆ ಮುಗೀತು.

ವಿಡಿಯೋ ಗೇಮ್ ವ್ಯಾಪಾರ ನಡೆಯೋದು ಇದಕ್ಕೆ ಪೂರ್ತಿ ಉಲ್ಟಾ. ದುಡ್ಡು ಮೊದಲು, ನೋಡೋದು ಆಮೇಲೆ.

ಮೊದಲ ಬಗೆ, ಪೂರ್ತಿ ಬೆಲೆ ಕೊಟ್ಟು ಕೊಳ್ಳುವ ಪಿಸಿ, ಕನ್ಸೋಲ್ ಆಟಗಳು. ಇಲ್ಲಿ ಮೋಸ ಹೋಗೋದು ಅಟ್ಟದಲ್ಲಿ ಇನ್ನೂ ಒಣಗದ ಕಾಯಿಗೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಟ್ರೇಲರ್ ನೋಡಿ ಮರುಳಾಗಿ ಒಂದು ಆಟಕ್ಕೆ ಮುಂಗಡ ಕಟ್ಟಿದ್ದೆ. ಬಿಡುಗಡೆಯಾದ ರಾತ್ರಿ ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ನಿಂತುಹೋಗುತ್ತಿತ್ತು. ಸರಿಹೋದೀತು ಅಂತ ಸೆಟ್ಟಿಂಗ್ಸ್ ತಿರುವುತ್ತಾ ಮೂರು ಗಂಟೆ ಕಳೆದೆ. ಆ ಮೂರು ಗಂಟೆಯೇ ನಾನು 'ಆಡಿದ ಸಮಯ' ಅಂತ ಲೆಕ್ಕಕ್ಕೆ ಬಂದು, ರೀಫಂಡ್ ಅವಕಾಶವೂ ಹೋಯಿತು. ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದ ನನಗೇ ಹೀಗಾಯಿತು.

ನನ್ನಂಥವರು ಒಬ್ಬಿಬ್ಬರಲ್ಲ. ಸೈಬರ್‌ಪಂಕ್ 2077 ಆಟಕ್ಕೆ ಬಿಡುಗಡೆಗೆ ಮೊದಲೇ 80 ಲಕ್ಷ ಜನ ಮುಂಗಡ ಬುಕಿಂಗ್ ಮಾಡಿದ್ದರು. ವಿಮರ್ಶಕರಿಗೆ ಮೊದಲು ಕೊಟ್ಟಿದ್ದು ಪಿಸಿ ಆವೃತ್ತಿ ಮಾತ್ರ. 2020ರ ಡಿಸೆಂಬರ್ 10ಕ್ಕೆ ಬಿಡುಗಡೆಯಾದಾಗ ಹಳೆಯ ಕನ್ಸೋಲ್‌ಗಳಲ್ಲಿ ಆಟ ಸರಿಯಾಗಿ ನಡೆಯಲೇ ಇಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ಸೋನಿ ತನ್ನ ಅಂಗಡಿಯಿಂದ ಅದನ್ನು ತೆಗೆದುಹಾಕಿ ರೀಫಂಡ್ ಘೋಷಿಸಿತು. 2021ರ ಜೂನ್‌ವರೆಗೆ ಅದು ಅಲ್ಲಿಗೆ ವಾಪಸ್ ಬರಲಿಲ್ಲ. ಅದೇ ಆಟ ಆಮೇಲೆ ಅಪ್‌ಡೇಟ್ ಮೇಲೆ ಅಪ್‌ಡೇಟ್ ಪಡೆದು ಚೆನ್ನಾಗಿಯೇ ಆಯಿತು. ತಾಳ್ಮೆಯಿಂದ ಕಾದವರು ಒಳ್ಳೆಯ ಆಟವನ್ನು ಕಡಿಮೆ ಬೆಲೆಗೆ ಕೊಂಡರು. ಕಾಯದವರು ಪೂರ್ತಿ ಬೆಲೆ ಕೊಟ್ಟು ಹಸಿ ಕಾಯಿ ಕೊಂಡರು.

ಸೋನಿಯದೇ 'ಕಾಂಕಾರ್ಡ್' ಕಥೆ ಇನ್ನೂ ವಿಚಿತ್ರ. 2024ರ ಆಗಸ್ಟ್ 23ಕ್ಕೆ ಶುರು, ಸೆಪ್ಟೆಂಬರ್ 6ಕ್ಕೆ ಬಂದ್. ಅಲ್ಲಿ ಕೊಂಡವರಿಗೆ ದುಡ್ಡು ವಾಪಸ್ ಬಂತು. ಆದರೆ ಯುಬಿಸಾಫ್ಟ್‌ನ 'ದ ಕ್ರೂ' ಆಟದ ಸರ್ವರ್‌ಗಳನ್ನು 2024ರ ಮಾರ್ಚ್ ಕೊನೆಗೆ ಮುಚ್ಚಿದಾಗ, ವರ್ಷಗಳ ಹಿಂದೆ ದುಡ್ಡು ಕೊಟ್ಟು ಕೊಂಡಿದ್ದವರ ಆಟವೂ ನಿಂತುಹೋಯಿತು. ನೀವು ಕೊಳ್ಳುತ್ತಿರೋದು ಆಟವನ್ನಲ್ಲ, ಅದನ್ನು ಆಡುವ ಪರವಾನಗಿಯನ್ನು. ಅದನ್ನು ಅವರು ಯಾವಾಗ ಬೇಕಾದರೂ ಹಿಂಪಡೆಯಬಹುದು.

ಎರಡನೇ ಬಗೆ, ನಮ್ಮ ಹುಡುಗ ಸಿಕ್ಕಿಹಾಕಿಕೊಂಡಿದ್ದು: 'ಫ್ರೀ' ಆಟಗಳು. ತಿಪಟೂರು, ಹುಳಿಯಾರು, ಕೆ.ಬಿ. ಕ್ರಾಸ್‌ನ ಬಸ್‌ಸ್ಟಾಪಿನಲ್ಲಿ ಹುಡುಗರ ಮೊಬೈಲ್ ಇಣುಕಿ ನೋಡಿದರೆ ಕಾಣೋದು ಹೆಚ್ಚಾಗಿ ಇವೇ. ಕನ್ಸೋಲ್ ಇರುವ ಮನೆ ನಮ್ಮ ಕಡೆ ಎಷ್ಟಿದ್ದಾವು? ಫೋನ್ ಮಾತ್ರ ಎಲ್ಲರ ಕೈಯಲ್ಲೂ ಇದೆ.

ಇಲ್ಲಿನ ತಂತ್ರ ನೋಡಿ. ಮೊದಲನೆಯದು, ರೂಪಾಯಿಯನ್ನು ಕಣ್ಣಿಗೆ ಕಾಣದಂತೆ ಮಾಡೋದು. ಉದಾಹರಣೆಗೆ 89 ರೂಪಾಯಿಗೆ 60 ಕಾಯಿನ್ ಸಿಗುತ್ತೆ, ನಿಮಗೆ ಬೇಕಾದ ವಸ್ತುವಿನ ಬೆಲೆ 100 ಕಾಯಿನ್ ಅಂದುಕೊಳ್ಳಿ. ಎರಡು ಪ್ಯಾಕ್ ಕೊಳ್ಳಲೇಬೇಕು. 20 ಕಾಯಿನ್ ಮಿಕ್ಕುತ್ತೆ. ಮಿಕ್ಕಿದ್ದನ್ನು ಬಿಡಲು ಮನಸ್ಸು ಬರಲ್ಲ, ಅದಕ್ಕೆ ಜೊತೆಯಾಗಿ ಇನ್ನೊಂದು ಪ್ಯಾಕ್. ಎರಡನೆಯದು, 'ಇನ್ನು 3 ಗಂಟೆ ಮಾತ್ರ' ಅನ್ನೋ ಗಡಿಯಾರ. ಮೂರನೆಯದು, ಪೆಟ್ಟಿಗೆ. ಬೇಕಾಗಿರೋದು ಬಂದೇ ಬರುತ್ತೆ ಅನ್ನೋ ಖಾತರಿಯಿಲ್ಲ, ಅದಕ್ಕೇ ಮತ್ತೆ ತೆಗೆಯಬೇಕು ಅನ್ಸುತ್ತೆ. ಜಾತ್ರೆಯಲ್ಲಿ ಬಳೆ ಎಸೆಯೋ ಆಟ ಆಡಿದವರಿಗೆ ಈ ಲೆಕ್ಕ ಹೊಸದಲ್ಲ. ವ್ಯತ್ಯಾಸ ಒಂದೇ: ಜಾತ್ರೆ ವರ್ಷಕ್ಕೊಮ್ಮೆ, ಇದು ದಿನದ 24 ಗಂಟೆ ಜೇಬಿನಲ್ಲೇ ಇರುತ್ತೆ.

"ಯಾಕೋ ಇಷ್ಟು ಕಟ್ಟಿದೆ?" ಅಂತ ಕೇಳಿದ್ದಕ್ಕೆ ನಮ್ಮ ಹುಡುಗ ತಲೆ ತಗ್ಗಿಸಿ ಹೇಳಿದ್ದು: "ಚಿಕ್ಕಪ್ಪ, ಇಷ್ಟಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ." ಸುಳ್ಳಲ್ಲ ಅನ್ಸುತ್ತೆ. ಗೊತ್ತಾಗದಂತೆ ಮಾಡೋಕೆ ಅಂತಲೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡಿರುತ್ತಾರೆ. ಅವರಲ್ಲಿ ನನ್ನಂಥ ಇಂಜಿನಿಯರ್‌ಗಳೂ ಇದ್ದಾರೆ.

ಹಾಗಾದರೆ ಅಲ್ಲಾಡಿಸಿ ನೋಡೋದು ಹೇಗೆ?

ಒಂದು, ಇನ್ನೂ ಬಾರದ ಆಟಕ್ಕೆ ದುಡ್ಡು ಕಟ್ಟಬೇಡಿ. ಡಿಜಿಟಲ್ ಮಾಲು ಎಂದೂ ಖಾಲಿಯಾಗುವುದಿಲ್ಲ. ಮುಂಗಡ ಕೊಟ್ಟು ಜಾಗ ಹಿಡಿಯಲು ಅದೇನು ಕೆಎಸ್‌ಆರ್‌ಟಿಸಿ ಸೀಟಲ್ಲ. ಮುಂಗಡ ಬುಕಿಂಗ್‌ನಿಂದ ಲಾಭ ಮಾರುವವನಿಗೇ ಹೊರತು ಕೊಳ್ಳುವವನಿಗಲ್ಲ.

ಎರಡು, ಟ್ರೇಲರ್ ಬಿಟ್ಟು ಆಟ ನೋಡಿ. ಬಿಡುಗಡೆಯಾದ ಮೇಲೆ ಯಾರಾದರೂ ಕತ್ತರಿ ಹಾಕದೆ ಅರ್ಧ ಗಂಟೆ ಆಡಿದ ವಿಡಿಯೋ ಹುಡುಕಿ. ನಿಮ್ಮಲ್ಲಿರುವ ಫೋನ್ ಅಥವಾ ಗ್ರಾಫಿಕ್ಸ್ ಕಾರ್ಡ್‌ನಂಥದ್ದರಲ್ಲೇ ಆಡಿದ್ದರೆ ಇನ್ನೂ ಒಳ್ಳೇದು. ಬಿಡುಗಡೆ ದಿನದವರೆಗೂ ವಿಮರ್ಶೆ ಹೊರಬರದಂತೆ ತಡೆದಿದ್ದರೆ ಅದನ್ನೇ ಎಚ್ಚರಿಕೆ ಅಂತ ಓದಿಕೊಳ್ಳಿ. ದುಡ್ಡು ಪಡೆದು ಹೊಗಳುವ ಯೂಟ್ಯೂಬರ್‌ಗಳು ಅದನ್ನು ಬಾಯಿಬಿಟ್ಟು ಹೇಳಬೇಕು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಕೊಟ್ಟಿದೆ. ಹೇಳದವರ ಮಾತಿಗೆ ಕಿಮ್ಮತ್ತು ಕೊಡಬೇಡಿ.

ಮೂರು, ವಿಮರ್ಶೆಗಳಲ್ಲಿ ಇತ್ತೀಚಿನದ್ದನ್ನು ಓದಿ, ಅದರಲ್ಲೂ ಬೈದಿರೋದನ್ನು. ಕಥೆ ಇಷ್ಟವಾಗಲಿಲ್ಲ ಅಂತ ಬೈದಿದ್ದರೆ ಅದು ಅವರ ರುಚಿ. ಆಟ ನಿಂತುಹೋಗುತ್ತೆ, ದುಡ್ಡು ಕೊಡದೆ ಮುಂದೆ ಹೋಗೋಕಾಗಲ್ಲ ಅಂತ ಹತ್ತು ಜನ ಬೈದಿದ್ದರೆ ಅದು ಕೌಟು.

ನಾಲ್ಕು, ರೀಫಂಡ್ ಗಡುವನ್ನು ಕೊಳ್ಳುವ ಮೊದಲೇ ತಿಳಿದುಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ ಕಾರಣ ಕೇಳದೆ ವಾಪಸ್ ಕೊಡುತ್ತಾರೆ. ಗೂಗಲ್ ಪ್ಲೇನಲ್ಲಿ ಮೊದಲ 48 ಗಂಟೆಯೊಳಗೆ ಕೇಳಿಕೊಳ್ಳಬಹುದು. ನನ್ನ ಹಾಗೆ ಸೆಟ್ಟಿಂಗ್ಸ್ ತಿರುವುತ್ತಾ ಕೂರಬೇಡಿ. ಮೊದಲ ಗಂಟೆಯಲ್ಲಿ ಸರಿ ಬರಲಿಲ್ಲವೋ, ವಾಪಸ್ ಮಾಡಿ.

ಐದು, ಫ್ರೀ ಆಟದ ಅಂಗಡಿ ಪುಟವನ್ನು ಆಡುವ ಮೊದಲು ತೆರೆದು ನೋಡಿ. ಕಾಯಿನ್ ಬೆಲೆಯನ್ನು ಕಾಗದದ ಮೇಲೆ ರೂಪಾಯಿಗೆ ಇಳಿಸಿ. ಪೆಟ್ಟಿಗೆ ಮಾರುವ ಆಟಗಳು ಯಾವ ವಸ್ತು ಸಿಗುವ ಸಾಧ್ಯತೆ ಎಷ್ಟು ಅಂತ ಹೇಳಲೇಬೇಕು ಅನ್ನೋದು ಆಪಲ್, ಗೂಗಲ್ ಎರಡೂ ಅಂಗಡಿಗಳ ನಿಯಮ. ಅದು ಎಲ್ಲೋ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ. ಹುಡುಕಿ ಓದಿ. ಶೇ 1 ಅಂತ ಇದ್ದರೆ ನೂರು ಸಲ ತೆಗೆದರೆ ಖಂಡಿತ ಒಂದು ಸಿಗುತ್ತೆ ಅಂತಲ್ಲ. ನೂರು ಸಲ ತೆಗೆದವರಲ್ಲೂ ಹೆಚ್ಚುಕಮ್ಮಿ ಮೂರರಲ್ಲಿ ಒಬ್ಬರಿಗೆ ಒಂದೂ ಸಿಗುವುದಿಲ್ಲ. ಇದು ಇಂಜಿನಿಯರಿಂಗ್‌ನಲ್ಲಿ ಕಲಿತು ನನಗೆ ಉಪಯೋಗಕ್ಕೆ ಬಂದ ಕೆಲವೇ ಲೆಕ್ಕಗಳಲ್ಲಿ ಒಂದು.

ಮನೆಯಲ್ಲಿ ಹಿರಿಯರ ಫೋನ್ ನಿಮ್ಮ ಉಸ್ತುವಾರಿಯಲ್ಲಿದ್ದರೆ ಇನ್ನೊಂದು ಕೆಲಸ ಮಾಡಿ. ಪ್ಲೇಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಿ. ಕೊಬ್ಬರಿ ದುಡ್ಡು ಬರುವ ಖಾತೆಯನ್ನೂ ಯುಪಿಐ ಖಾತೆಯನ್ನೂ ಬೇರೆ ಬೇರೆ ಮಾಡಿ.

ದುಡ್ಡು ಹೋದಮೇಲೆ?

ನಮ್ಮ ಹುಡುಗನ ವಿಷಯದಲ್ಲಿ 19ರಲ್ಲಿ ಒಂದೇ ಒಂದು ಪಾವತಿ ಹಿಂದಿನ ದಿನದ್ದಾಗಿತ್ತು. ಅರ್ಜಿ ಹಾಕಿದ್ದಕ್ಕೆ ಅಷ್ಟು ವಾಪಸ್ ಬಂತು: 799 ರೂಪಾಯಿ. ಉಳಿದದ್ದಕ್ಕೆ ಬಂದ ಉತ್ತರ ಯಂತ್ರ ಬರೆದಿದ್ದು.

ಆದರೆ ಕಾನೂನಿನಲ್ಲಿ ನಮಗೆ ಜಾಗವೇ ಇಲ್ಲ ಅಂತಲ್ಲ. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಡಿಜಿಟಲ್ ಉತ್ಪನ್ನದ ಮಾರಾಟವೂ ಇ-ಕಾಮರ್ಸ್. ದೋಷವಿರುವ ಸರಕನ್ನು ವಾಪಸ್ ತೆಗೆದುಕೊಂಡು, ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಮರಳಿಸಲು ಒಪ್ಪದಿರುವುದು ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಸುಳ್ಳು ಅವಸರ ಹುಟ್ಟಿಸೋದೂ ಸೇರಿ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು 2023ರ ನವೆಂಬರ್ 30ರ ಮಾರ್ಗಸೂಚಿ ನಿಷೇಧಿಸಿದೆ. 18 ತುಂಬದವರು ಮಾಡಿಕೊಂಡ ಕರಾರಿಗೆ ಬೆಲೆಯಿಲ್ಲ ಅನ್ನೋದು 1903ರ ಪ್ರಿವಿ ಕೌನ್ಸಿಲ್ ತೀರ್ಪಿನಿಂದಲೂ ನಮ್ಮಲ್ಲಿರುವ ಕಾನೂನು. ಖಾತೆ ತಾತನ ಹೆಸರಿನಲ್ಲಿದ್ದಾಗ ಇದನ್ನು ಸಾಧಿಸೋದು ಸುಲಭವಲ್ಲ, ಆದರೆ ವಾದಕ್ಕೆ ಜಾಗವಿದೆ. ದೂರಿಗೆ 1915 ಸಹಾಯವಾಣಿ ಇದೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವಿಲ್ಲ.

ಕಾಗದದ ಮೇಲೆ ಇಷ್ಟೆಲ್ಲ ಇದೆ. ಆದರೆ 799 ರೂಪಾಯಿಯ ಆಟಕ್ಕೆ ತುಮಕೂರಿಗೆ ಅಲೆಯೋರು ಯಾರು? ಕಂಪನಿಗಳ ಧೈರ್ಯ ಇರೋದೇ ಅಲ್ಲಿ.

ಬೇರೆ ಕಡೆ ಏನಾಯಿತು?

ಸ್ಟೀಮ್ ನಡೆಸುವ ವಾಲ್ವ್ ಕಂಪನಿ ರೀಫಂಡ್ ಹಕ್ಕಿನ ಬಗ್ಗೆ ಗ್ರಾಹಕರನ್ನು ದಾರಿ ತಪ್ಪಿಸಿದೆ ಅಂತ ಆಸ್ಟ್ರೇಲಿಯಾದ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. ಆ ಕೇಸು ನಡೆಯುತ್ತಿರುವಾಗಲೇ, 2015ರ ಜೂನ್‌ನಲ್ಲಿ, ಇವತ್ತು ನಾವು ಬಳಸುವ ಆ 2 ಗಂಟೆಯ ನಿಯಮ ಬಂತು. 2016ರ ಡಿಸೆಂಬರ್‌ನಲ್ಲಿ ಕೋರ್ಟ್ 30 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಅಮೆರಿಕದಲ್ಲಿ ಫೋರ್ಟ್‌ನೈಟ್ ಆಟದ ಬಟನ್‌ಗಳನ್ನು ಮಕ್ಕಳು ತಿಳಿಯದೆ ಒತ್ತಿ ಖರೀದಿಸುವಂತೆ ಜೋಡಿಸಿದ್ದರು ಅನ್ನೋ ಪ್ರಕರಣದಲ್ಲಿ ಎಪಿಕ್ ಗೇಮ್ಸ್ 24.5 ಕೋಟಿ ಡಾಲರ್ ಗ್ರಾಹಕರಿಗೆ ಮರಳಿಸಲು 2022ರಲ್ಲಿ ಒಪ್ಪಿತು. ಬೆಲ್ಜಿಯಂ 2018ರಲ್ಲೇ ದುಡ್ಡಿನ ಲೂಟ್ ಬಾಕ್ಸ್ ಅಂದರೆ ಜೂಜು ಅಂತ ತೀರ್ಮಾನಿಸಿತು.

ಇಲ್ಲೆಲ್ಲೂ ಆಟ ಬ್ಯಾನ್ ಆಗಲಿಲ್ಲ. ಮಾರುವ ರೀತಿ ಬದಲಾಯಿತು. ಒಬ್ಬೊಬ್ಬ ಗ್ರಾಹಕ ಅಲೆಯುವ ಬದಲು ಗ್ರಾಹಕರ ಪರವಾಗಿ ಸರ್ಕಾರಿ ಸಂಸ್ಥೆಯೇ ಕೇಸು ಹಾಕಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಆ ಅಧಿಕಾರ ಇದೆ. ಕೇಳುವವರು ಬೇಕು, ಅಷ್ಟೇ. ಕೇಳಬೇಕಾದ್ದು ನಾಲ್ಕೇ ಮಾತು: ಬೆಲೆಯನ್ನು ಕಾಯಿನ್ ಜೊತೆ ರೂಪಾಯಿಯಲ್ಲೂ ತೋರಿಸಬೇಕು. ಪ್ರತಿ ಡಿಜಿಟಲ್ ಆಟಕ್ಕೂ ಕನಿಷ್ಠ ರೀಫಂಡ್ ಅವಧಿಯನ್ನು ಕಾನೂನೇ ನಿಗದಿ ಮಾಡಬೇಕು. 18ರ ಒಳಗಿನವರಿಗೆ ಅದೃಷ್ಟದ ಪೆಟ್ಟಿಗೆ ಮಾರಬಾರದು. ದೂರಿಗೆ ಕನ್ನಡದಲ್ಲಿ ಮನುಷ್ಯರು ಉತ್ತರ ಕೊಡಬೇಕು.

'ಆಟಕ್ಕೆ ದುಡ್ಡು ಕಳೆಯೋರ ಕಷ್ಟ ನಮಗ್ಯಾಕೆ, ರೈತರ ಕಷ್ಟ ಇಲ್ಲವೇ' ಅಂತ ಕೇಳುವವರಿದ್ದಾರೆ. ಈ ಎರಡೂ ಕಷ್ಟ ಒಂದೇ ಮನೆಯಲ್ಲಿವೆ ಅನ್ನೋದೇ ನನ್ನ ಉತ್ತರ. ದುಡ್ಡು ಹೋಗಿದ್ದು ಕೊಬ್ಬರಿ ಖಾತೆಯಿಂದ. ಇನ್ನು, ಬೆಂಬಲ ಬೆಲೆಯಾಗಲಿ, ಮಾರುಕಟ್ಟೆಯಲ್ಲಿ ಎಲ್ಲರೆದುರು ನಡೆಯುವ ಹರಾಜಾಗಲಿ ತಾನಾಗಿ ಬಂದಿದ್ದಲ್ಲ. ಕುಂದುಕೊರತೆ ಎಷ್ಟೇ ಇದ್ದರೂ ಮಾರುವವನಿಗೂ ಕೊಳ್ಳುವವನಿಗೂ ಒಂದು ನಿಯಮ ಅಂತ ಅಲ್ಲಿದೆ. ಮೊಬೈಲ್ ಒಳಗಿನ ಮಾರುಕಟ್ಟೆಯಲ್ಲಿ ನಿಯಮ ಬರೆಯೋನೂ, ತೂಗೋನೂ, ಮಾರೋನೂ ಒಬ್ಬನೇ.

ಹುಡುಗ ಈಗಲೂ ಆಡುತ್ತಾನೆ. ಫೋನ್ ಕಿತ್ತುಕೊಳ್ಳೋಣ ಅಂದವರನ್ನು ದೊಡ್ಡಪ್ಪನೇ ತಡೆದರು. ಅವರೂ ಒಂದು ಕಾಲಕ್ಕೆ ಹಬ್ಬದ ದಿನ ಅಂದರ್ ಬಾಹರ್‌ಗೆ ಕೂತವರೇ. ಕಳೆದ ಸಲ ಊರಿಗೆ ಹೋದಾಗ ಅಟ್ಟದಿಂದ ಒಂದು ಕಾಯಿ ತೆಗೆದು ಮೊಮ್ಮಗನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. "ಕೇಳ್ಸ್ತೇನ್ಲಾ? ಇಲ್ವಲ್ಲ? ಹಂಗಾದ್ರೆ ಇನ್ನೂ ಆಗಿಲ್ಲ. ಇಕ್ಕು ಮೇಲೆ."

ಹುಡುಗ ಅದನ್ನು ತೆಗೆದುಕೊಂಡು ಮತ್ತೆ ಅಟ್ಟಕ್ಕೆ ಹತ್ತಿದ.